ಅಜ್ಜಿಯ ಟ್ರಂಕಿಗೆ ಯಾರ ಪಟ್ಟಿ?

ಹಿಂದಿನ ಸಂಚಿಕೆಯಲ್ಲಿ, ಮನೆಯ ಹಳೇ ಸಾಮಾನುಗಳನ್ನು ಗ್ಯಾಲರಿಗೆ ತಂದು ಜೋಡಿಸಿ ಇನ್‌ಸ್ಟಲೇಶನ್ (ಇಡೀ ಜೋಡಣೆಯೇ ಒಂದು ಕಲಾಕೃತಿ) ಮಾಡುವ ಕಲಾವಿದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕುಟುಂಬದ ನೆನಪುಗಳನ್ನು ಗ್ರಂಥಾಲಯದ, ಮ್ಯೂಸಿಯಮ್ಮಿನ, ಸರ್ಕಾರಿ ದಫ್ತರದ ಕ್ರಮದೊಳಗೆ ಕೂರಿಸುವ ಈ ಬಗೆಯ ಕಲೆ ನಿಮ್ಮನ್ನು ಇಷ್ಟು ಕೆಣಕುತ್ತದೆಂದು ಎಣಿಸಿರಲಿಲ್ಲ. ಬಂದ ಪತ್ರಗಳಲ್ಲಿ ಜಗಳಕ್ಕೆ ನಿಂತವೇ ಹೆಚ್ಚು. ಹೊಗಳಿಕೆಯ ಪತ್ರಗಳನ್ನು ಪಕ್ಕಕ್ಕಿಟ್ಟು ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ಬೆಂಗಳೂರಿಗೆ ಹೋದಾಗ ಮಗಳು ಒಂದು ಗ್ಯಾಲರಿಗೆ ಕರೆದುಕೊಂಡು ಹೋದಳು. ಕೋಣೆ ತುಂಬ ಯಾರದೋ ತಾತನ ಕನ್ನಡಕ, ಔಷಧಿ ಬಾಟಲಿ, ರೇಷನ್ ಕಾರ್ಡು, ಮನಿಯಾರ್ಡರ್ ರಸೀದಿ. ಒಂದೊಂದಕ್ಕೂ ಲೈಬ್ರರಿ ಪುಸ್ತಕದ ಬೆನ್ನಿಗೆ ಅಂಟಿಸುವಂಥ ನಂಬರು ಚೀಟಿ. ಕಾಲೇಜು ಗ್ರಂಥಾಲಯದಲ್ಲಿ ನಿವೃತ್ತಿಯವರೆಗೂ ಅದೇ ಚೀಟಿ ಅಂಟಿಸಿದವನು ನಾನು. ನಮ್ಮ ಅಟ್ಟದ ಮೇಲೂ ಅದೇ ಸಾಮಾನಿದೆ. ಹಾಗಾದರೆ ನಾನೂ ಕಲಾವಿದನೇ?
— ಓದುಗರು, ಶಿವಮೊಗ್ಗ

ಉತ್ತರ: ಅಲ್ಲ. ಆದರೆ ಆ ಕೋಣೆಯಲ್ಲಿ ಕೇಳಲೇಬೇಕಾಗಿದ್ದ ಪ್ರಶ್ನೆಯನ್ನು ಕೇಳುವ ಅರ್ಹತೆ ಇದ್ದವರು ನೀವೊಬ್ಬರೇ ಇರಬೇಕು, ಕೇಳದೆ ಬಂದುಬಿಟ್ಟಿರಿ. ಆ ಚೀಟಿಗಳ ಮೇಲೆ ಯಾವ ನಂಬರಿತ್ತು? ಪುಸ್ತಕಗಳಿಗೆ ವಿಷಯವಾರು ನಂಬರು ಕೊಡುವ ಡ್ಯೂಯಿ ಪದ್ಧತಿಯಲ್ಲಿ ವಂಶಾವಳಿಯ ಜಾಗ 929 ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ತಾತನ ಕನ್ನಡಕ ಅಲ್ಲಿಗೆ ಹೋಗಬೇಕೋ, ಕಣ್ಣಿನ ವೈದ್ಯದ 617ಕ್ಕೆ ಹೋಗಬೇಕೋ? ಕಲಾವಿದ ಈ ತಕರಾರಿನಲ್ಲಿ ಒಂದು ರಾತ್ರಿಯಾದರೂ ನಿದ್ದೆಗೆಟ್ಟಿದ್ದರೆ ಅಲ್ಲಿ ಕೆಲಸ ನಡೆದಿದೆ ಎಂದರ್ಥ. ನೋಡಲು ಚೆನ್ನಾಗಿರುತ್ತದೆಂದು ಬಾಯಿಗೆ ಬಂದ ಅಂಕಿ ಬರೆದಿದ್ದರೆ ಅದು ಬರೀ ವೇಷ. ಈಚೆಗೆ ನಾನು ನೋಡುವ ಹತ್ತರಲ್ಲಿ ಏಳೆಂಟು ಈ ವೇಷದ ಗುಂಪಿನವೇ.

ನಿಮ್ಮ ಕಸುಬಿನ ಹಿರಿಯರು ಎಸ್. ಆರ್. ರಂಗನಾಥನ್. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನಾ ಕೇಂದ್ರ ತೆರೆದವರು, 1972ರಲ್ಲಿ ಅದೇ ಊರಲ್ಲಿ ತೀರಿಕೊಂಡವರು. 1933ರಲ್ಲಿ ಅವರು ಪ್ರಕಟಿಸಿದ, ಪುಸ್ತಕ ವಿಂಗಡಿಸುವ ಇನ್ನೊಂದು ಪದ್ಧತಿಯಾದ ಕೋಲನ್ ವರ್ಗೀಕರಣದ ಹಿಂದೆ ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡ ಮೆಕ್ಯಾನೊ ಆಟಿಕೆ ಇತ್ತು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು, ಬೇಕೆಂದಾಗ ಬೇರೆ ಬೇರೆ ಯಂತ್ರ. ವಿಷಯಗಳನ್ನೂ ಹಾಗೆ ಬಿಡಿಬಿಡಿಯಾಗಿಸಿ ಜೋಡಿಸಬಹುದು ಎಂದುಕೊಂಡರು. ಅವರ ಐದು ಮೂಲ ವರ್ಗಗಳು ನಿಮಗೆ ಬಾಯಿಪಾಠ: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ಅಟ್ಟದಿಂದ ಒಂದು ಕನ್ನಡಕ ಇಳಿಸಿ ಈ ಐದರಡಿ ಬರೆದು ನೋಡಿ. ರಂಗನಾಥನ್ ಹೇಳುವ ‘ವ್ಯಕ್ತಿತ್ವ’ ಮನುಷ್ಯನೇ ಆಗಬೇಕಿಲ್ಲ, ಗೊತ್ತು. ಇಲ್ಲಿ ಸದ್ಯಕ್ಕೆ ಹಾಗೇ ಹಿಡಿಯೋಣ. ಯಾರದ್ದು, ಏತರಿಂದ ಆದದ್ದು, ಎಲ್ಲಿತ್ತು, ಯಾವಾಗ, ಇಷ್ಟು ಬೇಗ ಮುಗಿಯುತ್ತದೆ. ‘ಏನು ಮಾಡುತ್ತಿತ್ತು’ ಎಂಬಲ್ಲಿ ತಡೆಯುತ್ತದೆ. ಪೇಪರು ಓದಲು ಎಂದು ಬರೆಯಲು ಹೊರಟವರಿಗೆ, ತಾತ ಅದನ್ನು ಮೂಗಿನ ತುದಿಗೆ ಇಳಿಸಿ ಸೊಸೆಯರನ್ನು ಮೇಲಿಂದ ನೋಡುತ್ತಿದ್ದುದೂ ನೆನಪಾಗುತ್ತದೆ. ನೆನಪು ಬಾಯಿ ಬಿಡುವುದು ಪಟ್ಟಿಯ ಇಂಥ ಖಾನೆಯೊಂದರ ಒತ್ತಾಯಕ್ಕೆ. ‘ತಾತನ ನೆನಪು ಹೇಳಿ’ ಎಂದು ಸುಮ್ಮನೆ ಕೇಳಿದರೆ ಎಲ್ಲರೂ ಒಂದೇ ರೀತಿ ಕಣ್ಣು ತೇವ ಮಾಡಿಕೊಳ್ಳುತ್ತಾರೆ, ಅಷ್ಟೆ.

ಈ ಬಗೆಯ ಕೆಲಸಗಳಲ್ಲಿ ನಾನು ವಿದ್ಯಾರ್ಥಿಗಳಿಗೆ ಮೊದಲು ತೋರಿಸುತ್ತಿದ್ದದ್ದು ಬೀಜಿಂಗಿನ ಸೊಂಗ್ ಡೊಂಗ್ ಎಂಬ ಕಲಾವಿದನದು. ಅವನ ತಂದೆ 2002ರಲ್ಲಿ ತೀರಿಕೊಂಡರು. ತಾಯಿ ಝಾವೊ ಷಿಯಾಂಗ್‌ಯುವಾನ್ ಮೊದಲೇ ಏನನ್ನೂ ಎಸೆಯದ ಹೆಂಗಸು, ಗಂಡ ಹೋದಮೇಲೆ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ತುಂಬಿಸಿದರು. ಮಕ್ಕಳು ಎಸೆಯೋಣ ಎಂದರೆ ಜಗಳ. ಆಗ ಮಗ ಒಂದು ದಾರಿ ಹುಡುಕಿದ: ‘ಎಸೆಯುವುದು ಬೇಡಮ್ಮ, ಎಲ್ಲವನ್ನೂ ಗ್ಯಾಲರಿಗೆ ತರೋಣ, ನೀನೇ ಜೋಡಿಸು’ ಎಂದ. 2005ರಲ್ಲಿ ಬೀಜಿಂಗಿನಲ್ಲಿ ಮೊದಲ ಪ್ರದರ್ಶನವಾಯಿತು. ಹತ್ತು ಸಾವಿರಕ್ಕೂ ಮಿಕ್ಕ ವಸ್ತುಗಳು: ಬಾಟಲಿ ಮುಚ್ಚಳ, ಹಿಂಡಿ ಮುಗಿದ ಟೂತ್‌ಪೇಸ್ಟ್ ಟ್ಯೂಬು, ಸವೆದ ಚಪ್ಪಲಿ, ಬಟ್ಟೆಯ ತುಂಡು, ತ್ರಿಕೋನವಾಗಿ ಮಡಿಸಿಟ್ಟ ಪ್ಲಾಸ್ಟಿಕ್ ಚೀಲ, ಜೊತೆಗೆ ಅವರ ಹಳೆಯ ಮನೆಯ ಮರದ ಚೌಕಟ್ಟು. ಎಲ್ಲವೂ ಬಗೆಬಗೆಯಾಗಿ ನೆಲದ ಮೇಲೆ, ಸಾಲಾಗಿ. ತಾಯಿ ದಿನವೂ ಬಂದು ಕೂತು ನೋಡುವವರೊಡನೆ ಮಾತಾಡುತ್ತಿದ್ದರು. ಗಂಡ ಹೋದ ದುಃಖಕ್ಕೆ ಸಿಕ್ಕ ಉದ್ಯೋಗ ಅದು. ಮೇಲೆ ನಿಯಾನ್ ಅಕ್ಷರಗಳಲ್ಲಿ ಮಗ ಸತ್ತ ತಂದೆಗೆ ಒಂದು ಸಾಲು ಬರೆದು ಹಚ್ಚಿದ್ದ: ಚಿಂತೆ ಮಾಡಬೇಡಿ, ಅಮ್ಮನೂ ನಾವೂ ಚೆನ್ನಾಗಿದ್ದೇವೆ ಎಂಬ ಅರ್ಥದ್ದು.

ಅದರಲ್ಲಿ ಸೋಪಿನ ಬಿಲ್ಲೆಗಳಿವೆ, ಕಲ್ಲಿನ ಹಾಗೆ ಒಣಗಿದವು. ಚೀನಾದಲ್ಲಿ ಸೋಪು ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲದಲ್ಲಿ ಆಕೆ ಉಳಿಸಿಟ್ಟವು. ಮಗನ ಮದುವೆಗೆ ಅವನ್ನು ಕೊಡಹೋದರೆ ಅವನು ‘ನಮ್ಮಲ್ಲಿ ವಾಷಿಂಗ್ ಮಷೀನಿದೆ, ಬೇಡ’ ಎಂದುಬಿಟ್ಟಿದ್ದ. ಆಕೆ ಅವನಿಗೆಂದೇ ಎತ್ತಿಟ್ಟುಕೊಂಡರು. ಜೋಡಿಸುವಾಗ ಅವು ಹೊರಬಂದವು. ಈಗ ನಿಮ್ಮ ಕಣ್ಣಿನಿಂದ ನೋಡಿ. ಸೋಪು ಸೋಪಿನ ಸಾಲಿಗೆ, ಮುಚ್ಚಳ ಮುಚ್ಚಳದ ಸಾಲಿಗೆ ಎಂಬ ವರ್ಗೀಕರಣ ಯಾವ ವಿದ್ವಾಂಸನದೂ ಅಲ್ಲ. ಬಟ್ಟೆಗೂ ಕೂಪನ್ನು, ಸೋಪಿಗೂ ಲೆಕ್ಕ ಎಂಬಂಥ ಕಾಲದಲ್ಲಿ ಸಂಸಾರ ತೂಗಿಸಿದ ಹೆಂಗಸು ಕಪಾಟಿನಲ್ಲಿ, ಮಂಚದಡಿಯಲ್ಲಿ ಕಟ್ಟಿಕೊಂಡದ್ದು. ಮಗ ಮಾಡಿದ್ದು ಅದನ್ನು ಕೆಡಿಸದೆ ಹೊರಗೆ ಹಾಸಿದ್ದು. ಆಕೆ 2009ರಲ್ಲಿ ತೀರಿಕೊಂಡರು. ಮರದಲ್ಲಿ ಗಾಯಗೊಂಡಿದ್ದ ಹಕ್ಕಿಯನ್ನು ಕಾಪಾಡಲು ಏಣಿ ಹತ್ತಿ ಬಿದ್ದರಂತೆ. ಅದೇ ವರ್ಷ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಮೋಮಾದಲ್ಲಿ, 2012ರಲ್ಲಿ ಲಂಡನ್ನಿನ ಬಾರ್ಬಿಕನ್ ಕಲಾ ಕೇಂದ್ರದಲ್ಲಿ ಅದೇ ಸಾಮಾನು ಮತ್ತೆ ಹಾಸಿದಾಗ ಜೋಡಿಸಲು ಆಕೆ ಇರಲಿಲ್ಲ. ಮನೆಯವರು ಜೋಡಿಸಿದರು.

ನಿಮ್ಮ ಅಟ್ಟದ ಸಾಮಾನಿಗೆ ಚೀಟಿ ಅಂಟಿಸುವ ಮುನ್ನ ಅದನ್ನು ಅಟ್ಟಕ್ಕೆ ಏರಿಸಿದವರು ಯಾರು, ಯಾವ ಲೆಕ್ಕದಲ್ಲಿ ಏರಿಸಿದರು ಎಂದು ಮನೆಯಾಕೆಯನ್ನು ಕೇಳಿ. ಉತ್ತರ ನಿಮ್ಮ 929ಕ್ಕಿಂತ ಸೊಗಸಾಗಿರುವ ಸಾಧ್ಯತೆ ಇದೆ.

ಪ್ರಶ್ನೆ: ಅಷ್ಟು ದೂರ ಚೀನಾ, ಅಮೆರಿಕ ಎನ್ನುವುದೇಕೆ? ನಮ್ಮ ಮನೆಯ ದಸರಾ ಗೊಂಬೆ ಜೋಡಣೆಯೂ ಇನ್‌ಸ್ಟಲೇಶನ್ನೇ ಅಲ್ಲವೇ? ಕೆಲವರು ಹಾಗೆನ್ನುತ್ತಾರೆ.
— ಓದುಗಿ, ಚಾಮರಾಜಪುರಂ, ಮೈಸೂರು

ಉತ್ತರ: ಹಾಗೆನ್ನುವವರು ಬಹುಶಃ ಗೊಂಬೆ ಕೂರಿಸಿ, ಒಂಬತ್ತು ದಿನ ಆರತಿ ಎತ್ತಿ, ಮಕ್ಕಳಿಗೆ ಗೊಂಬೆ ಬಾಗಿನ ಹಂಚಿ ಸುಸ್ತಾದವರಲ್ಲ. ಅದನ್ನು ಕಲೆ ಎಂದು ಕರೆಸಿಕೊಳ್ಳುವ ದರ್ದು ನಿಮಗಿಲ್ಲ ಬಿಡಿ. ಆದರೆ ನಮ್ಮ ವಿಷಯಕ್ಕೆ ಅದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ ಎಂಬುದೂ ನಿಜ. ಬೆಸ ಸಂಖ್ಯೆಯ ಮೆಟ್ಟಿಲು. ಮೇಲೆ ಕಲಶ, ಪಟ್ಟದ ಗೊಂಬೆ, ದೇವರು. ನಡುವೆ ದಶಾವತಾರ, ಪುರಾಣ. ಕೆಳಗೆ ಶೆಟ್ಟಿ-ಶೆಟ್ಟಿತಿಯ ಅಂಗಡಿ, ಮದುವೆ ಮೆರವಣಿಗೆ, ಕಾಡು, ಪ್ರಾಣಿ. ಲೋಕದಲ್ಲಿ ಯಾರು ಎಲ್ಲಿರಬೇಕು ಎಂಬ ಒಂದು ಪೂರಾ ಶಾಸ್ತ್ರ ಅದು. ಮೇಲಿರುವವರಿಗೆ ಒಪ್ಪುವ ಶಾಸ್ತ್ರ ಎಂಬುದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಪಟ್ಟದ ಗೊಂಬೆಯ ಮರದ ಜೋಡಿ ಮಗಳ ಮದುವೆಯಲ್ಲಿ ತವರಿನಿಂದ ಬರುತ್ತದೆ. ಹಾಗಾಗಿ ಗಂಡನ ಮನೆಯ ಹಜಾರದಲ್ಲಿ, ಎಲ್ಲಕ್ಕಿಂತ ಮೇಲೆ, ವರ್ಷಕ್ಕೊಮ್ಮೆ ಹೆಂಡತಿಯ ತವರು ಕೂರುತ್ತದೆ. ಯಾವ ವಂಶವೃಕ್ಷದ ಚಾರ್ಟಿನಲ್ಲೂ ಆ ಜಾಗ ಅದಕ್ಕೆ ಸಿಕ್ಕಿಲ್ಲ.

ನಮ್ಮಮ್ಮನ ಗೊಂಬೆಯಲ್ಲಿ ಬಲರಾಮನ ಪಕ್ಕ ಒಬ್ಬ ಪ್ಲಾಸ್ಟಿಕ್ ಬ್ಯಾಟ್ಸ್‌ಮನ್ ನಿಂತಿರುತ್ತಿದ್ದ. 1983ರಲ್ಲಿ ವಿಶ್ವಕಪ್ ಗೆದ್ದಾಗ ನನ್ನ ತಮ್ಮ ಹಟ ಹಿಡಿದು ತರಿಸಿದ್ದು. ದೊಡ್ಡವನಾಗಿ ಅವನೇ ನಾಚಿಕೆಪಟ್ಟು ತೆಗೆಯಲು ಹೋದರೆ ಅಮ್ಮ ಬಿಡಲಿಲ್ಲ. ನೇಗಿಲು ಹಿಡಿದವನ ಪಕ್ಕ ಬ್ಯಾಟು ಹಿಡಿದವನು, ಇರಲಿ ಎಂದಳು. ಶಾಸ್ತ್ರದ ಸಾಲಿನೊಳಗೆ ಮನೆ ಹೀಗೆ ನುಸುಳುತ್ತದೆ. ನಿಮ್ಮ ಗೊಂಬೆಯಲ್ಲಿ ಶಾಸ್ತ್ರಕ್ಕೆ ಹೊಂದದ ಗೊಂಬೆಗಳು ಯಾವುವು, ಅವು ಬಂದದ್ದು ಹೇಗೆ ಎಂದು ಬರೆದು ಕಳಿಸಿ, ಹಾಕೋಣ.

ಪ್ರಶ್ನೆ: ನೆನಪು, ಪರಂಪರೆ, ಆರ್ಕೈವ್ (ದಾಖಲೆ ಭಂಡಾರ) ಎಂದೆಲ್ಲ ದೊಡ್ಡ ಮಾತಾಡುತ್ತೀರಿ. ಕ್ಯಾಮೆರಾ ಇದ್ದವರ ಮನೆಯ ನೆನಪು ಕಲೆಯಾಗುತ್ತದೆ. ನಮ್ಮ ಮುತ್ತಜ್ಜನ ಒಂದು ಫೋಟೊ ಕೂಡ ಇಲ್ಲ, ಹೆಸರು ಗೌಡರ ಲೆಕ್ಕದ ಪುಸ್ತಕದಲ್ಲಿ ಸಾಲದ ಪಕ್ಕ ಮಾತ್ರ ಇದೆ. ನಾವು ಏನನ್ನು ಪ್ರದರ್ಶನಕ್ಕಿಡಬೇಕು?
— ಓದುಗರು, ಕೋಲಾರ ಜಿಲ್ಲೆ

ಉತ್ತರ: ಈ ತಿಂಗಳು ಬಂದದ್ದರಲ್ಲಿ ಇದು ಒಳ್ಳೆಯ ಪತ್ರ. ನಿಮ್ಮ ಆರೋಪ ಅರ್ಧ ನಿಜ. ನಮ್ಮ ದೇಶದಲ್ಲಿ ಈ ದಾರಿಯ ದೊಡ್ಡ ಹೆಸರು ವಿವಾನ್ ಸುಂದರಂ (1943–2023). ಅವರ ತಾಯಿ ಇಂದಿರಾ, ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್‌ರ ತಂಗಿ. ತಂದೆ ಕೆ. ವಿ. ಕೆ. ಸುಂದರಂ ಭಾರತದ ಎರಡನೇ ಮುಖ್ಯ ಚುನಾವಣಾ ಆಯುಕ್ತರು, ಎಂದರೆ ದೇಶದ ಅತಿ ಉದ್ದದ ಹೆಸರು ಪಟ್ಟಿಯ ಯಜಮಾನರು. ತಾಯಿಯ ತಂದೆ ಉಮ್ರಾವ್ ಸಿಂಗ್ ಶೇರ್‌ಗಿಲ್ (1870–1954) ಮಜೀಠಿಯಾ ಸರದಾರರ ಮನೆತನದವರು. ಸಂಸ್ಕೃತ, ಪಾರ್ಸಿ, ಖಗೋಳ, ಯೋಗ, ಬಡಗಿ ಕೆಲಸ, ಎಲ್ಲದರಲ್ಲೂ ಕೈ. ಐವತ್ತಕ್ಕೂ ಹೆಚ್ಚು ವರ್ಷ ತಮ್ಮದೂ ತಮ್ಮವರದೂ ಫೋಟೊ ತೆಗೆಯುತ್ತ ಹೋದರು. ಹಂಗೇರಿಯ ಹೆಂಡತಿ, ಬುಡಾಪೆಸ್ಟ್, ಪ್ಯಾರಿಸ್, ಶಿಮ್ಲಾ. ಇಷ್ಟೆಲ್ಲ ಇದ್ದ ಮನೆಯ ಮೊಮ್ಮಗ 1995ರಲ್ಲಿ ಆ ಫೋಟೊ, ಪತ್ರ, ಪೆಟ್ಟಿಗೆಗಳಿಂದ ‘ಶೇರ್‌ಗಿಲ್ ಆರ್ಕೈವ್’ ಎಂಬ ಇನ್‌ಸ್ಟಲೇಶನ್ ಮಾಡಿದರು. 2001ರಲ್ಲಿ ಶುರುಮಾಡಿದ ‘ರೀ-ಟೇಕ್ ಆಫ್ ಅಮೃತಾ’ ಸರಣಿಯಲ್ಲಿ ಅಜ್ಜನ ಬೇರೆ ಬೇರೆ ವರ್ಷದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಹೆಣೆದು, ಎಂದೂ ಜೊತೆಗೆ ಕೂರದ ವಯಸ್ಸುಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ಅಮೃತಾ 1941ರಲ್ಲಿ, 28ಕ್ಕೇ ತೀರಿಕೊಂಡವರು ಎಂಬುದು ಗೊತ್ತಿದ್ದು ಅವನ್ನು ನೋಡುವಾಗ ಎದೆಗೆ ತಟ್ಟುತ್ತದೆ. ಆದರೂ ನೀವು ಹೇಳುವುದು ಸರಿ. ಅಜ್ಜನ ಕೈಯಲ್ಲಿ ಕ್ಯಾಮೆರಾ ಇಲ್ಲದಿದ್ದರೆ ಇದು ಇಲ್ಲ.

ಇನ್ನರ್ಧಕ್ಕೆ ಉತ್ತರವಾಗಿ ಇರುವವರು ಉತ್ತರ ಕೇರಳದ ಕಲಾವಿದ ಸಜನ್ ಮಣಿ. ರಬ್ಬರ್ ಟ್ಯಾಪಿಂಗ್ ಮಾಡುವ ದಲಿತ ಕುಟುಂಬದಿಂದ ಬಂದು ಬರ್ಲಿನ್ನಿನಲ್ಲಿ ನೆಲೆಸಿದವರು, 2021ರ ಬರ್ಲಿನ್ ಆರ್ಟ್ ಪ್ರೈಜ್ ಪಡೆದವರು. ಮನೆಯವರ ಫೋಟೊ ಇಲ್ಲದವರ ಫೋಟೊ ಬೇರೆ ಕಡೆ ಇರುತ್ತದೆ ಎಂಬುದು ಅವರಿಗೆ ಹೊಳೆದ ವಿಷಯ. ವಸಾಹತು ಕಾಲದ ಜರ್ಮನರು, ಇಂಗ್ಲಿಷರು ನಮ್ಮ ಜನರನ್ನು ‘ಮಾದರಿ’ಗಳೆಂದು ನಿಲ್ಲಿಸಿ ತೆಗೆದ ಚಿತ್ರಗಳು ಯುರೋಪಿನ ಜನಾಂಗ ಮ್ಯೂಸಿಯಮ್ಮುಗಳ ಕಪಾಟಿನಲ್ಲಿವೆ. ಹೆಸರಿಲ್ಲ, ಜಾತಿ ಮಾತ್ರ ಬರೆದಿದೆ. ಮಣಿ ಆ ಮುಖಗಳನ್ನು ತಂದು ರಬ್ಬರ್ ಹಾಳೆಗಳ ಮೇಲೆ ಅಚ್ಚು ಹಾಕಿದರು. ತಂದೆ ತಾಯಿ ಹಾಲು ಇಳಿಸಿದ ಅದೇ ರಬ್ಬರು. ತನ್ನ ಕುಲದ ಬಗ್ಗೆ ಒಂದಕ್ಷರವೂ ಕಾಣುತ್ತಿಲ್ಲವಲ್ಲ ಎಂದು ಹಾಡಿದ ಕೇರಳದ ದಲಿತ ಕವಿ ಪೊಯ್ಕಯಿಲ್ ಅಪ್ಪಚ್ಚನ್ (1879–1939) ಅವರ ನೆರಳು ಆ ಕೆಲಸದ ಮೇಲಿದೆ. ಜ್ಞಾನದ ವ್ಯವಸ್ಥೆ ಎಂದರೆ ಇಲ್ಲಿ ಪ್ರೀತಿಯ ಕ್ಯಾಟಲಾಗಲ್ಲ, ಅಳೆದು ನೂಕಿದ ಕ್ಯಾಟಲಾಗು. ಅದರೊಳಗೆ ನುಗ್ಗಿ ತನ್ನವರನ್ನು ಕರೆದುಕೊಂಡು ಬರುವುದೂ ಕುಟುಂಬದ ಕೆಲಸವೇ.

ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯನ್ನೂ ಹುಡುಕಿ ನೋಡಿ. ಬ್ರಿಟಿಷ್ ಮಾನವಶಾಸ್ತ್ರಿಗಳು ಚೌಕಳಿ ಪರದೆಯ ಮುಂದೆ ಹೆಂಗಸರನ್ನು ನಿಲ್ಲಿಸಿ ಅಳೆದ ಹಾಗೆಯೇ, ಅದೇ ಪರದೆಯ ಮುಂದೆ ತಾವೇ ವೇಷ ಕಟ್ಟಿ ನಿಂತಿದ್ದಾರೆ. ಅಲ್ಲಿ ಕುಟುಂಬವಿಲ್ಲ. ಆದರೆ ಅಳೆಯುವವನಿಗೆ ಅಳತೆ ಕೋಲನ್ನೇ ತಿರುಗಿಸಿ ತೋರಿಸುವ ಧೈರ್ಯವಿದೆ.

ಅಂದಹಾಗೆ, ಆ ಗೌಡರ ಲೆಕ್ಕದ ಪುಸ್ತಕ ಈಗ ಎಲ್ಲಿದೆ? ಸಾಲದ ಮೊತ್ತ, ಬಡ್ಡಿ, ಯಾವ ತಿಂಗಳು, ಹೆಬ್ಬೆಟ್ಟು ಇದೆಯೋ ಇಲ್ಲವೋ. ನಿಮ್ಮ ಮುತ್ತಜ್ಜನ ಒಂದು ಗುರುತು ಉಳಿದಿದ್ದರೆ ಅದು ಆ ಹೆಬ್ಬೆಟ್ಟು. ಆ ಪುಟದ ಫೋಟೊ ತೆಗೆಯಲು ಬಿಡುತ್ತಾರಾ ಎಂದು ಕೇಳಿ. ಬಿಡದಿದ್ದರೆ, ಬಿಡಲಿಲ್ಲ ಎಂಬುದನ್ನು ತಾರೀಕು ಸಮೇತ ಬರೆದು ಅದೇ ಅಳತೆಯ ಖಾಲಿ ಹಾಳೆ ತೂಗುಹಾಕಿ. ನಾನು ಬಂದು ನೋಡುತ್ತೇನೆ.

ಪ್ರಶ್ನೆ: ಲಂಡನ್ನಿನ ಟೇಟ್ ಕಲಾ ಮ್ಯೂಸಿಯಮ್ಮಿನಲ್ಲಿ ಕಲಾವಿದ ಇಲ್ಯಾ ಕಬಕೋವ್ ಅವರ ‘ಲ್ಯಾಬಿರಿಂತ್ (ಮೈ ಮದರ್ಸ್ ಆಲ್ಬಂ)’ ನೋಡಿದೆ. ಮಂಕು ದೀಪದ ಓಣಿ, ಮುಗಿಯುವುದೇ ಇಲ್ಲ, ಗೋಡೆ ಮೇಲೆ ಸಣ್ಣಕ್ಷರದ ಹಾಳೆಗಳು. ಬೇಜಾರಾಗಿ ಅರ್ಧಕ್ಕೆ ಹೊರಟೆ. ತಪ್ಪೇ?
— ಓದುಗರು, ಇಂಗ್ಲೆಂಡ್

ಉತ್ತರ: ತಪ್ಪೇನಿಲ್ಲ. ಆದರೆ ಬೇಜಾರು ಅಲ್ಲಿ ಬೇಕೆಂದೇ ಇಟ್ಟದ್ದು. 1990ರ ಆ ಕೆಲಸದಲ್ಲಿ ಕಬಕೋವರ ತಾಯಿ ಬರೆದ ತನ್ನ ಬದುಕಿನ ಕತೆ, ಸೋವಿಯತ್ ಕಾಲದ ಹಸಿವು, ಮನೆಯಿಲ್ಲದ ಅಲೆದಾಟ, ಎಲ್ಲ ಟೈಪಾಗಿ ಗೋಡೆಗೇರಿದೆ. ಜೊತೆಗೆ ಚಿಕ್ಕಪ್ಪನೋ ಮಾವನೋ, ಅಂತೂ ಹತ್ತಿರದ ಬಂಧು ತೆಗೆದ ಚೊಕ್ಕ ಚೊಕ್ಕ ಊರ ಫೋಟೊಗಳು. ಫೋಟೊ ನೋಡಿದರೆ ಸುಖದ ದೇಶ, ಪಕ್ಕದ ಅಕ್ಷರ ಓದಿದರೆ ನರಕ. ಇನ್ನರ್ಧ ನಡೆದಿದ್ದರೆ ನಡುವಿನ ಪುಟ್ಟ ಕೋಣೆಯಿಂದ ಮಗ ಹಾಡುವುದು ಕೇಳುತ್ತಿತ್ತು. ಮುಂದಿನ ಸಲ ಇಟ್ಟಿದ್ದರೆ ಊಟ ಮಾಡಿಕೊಂಡು ಹೋಗಿ.

ಪ್ರಶ್ನೆ: ಕಲಾ ಶಾಲೆಯ ಅಂತಿಮ ವರ್ಷದಲ್ಲಿದ್ದೇನೆ. ಅಪ್ಪನ ಟೈಲರ್ ಅಂಗಡಿಯ ಅಳತೆ ಪುಸ್ತಕ, ಬಟ್ಟೆ ತುಂಡುಗಳನ್ನು ಗೋಡೆಗೆ ಜೋಡಿಸಿದ್ದೆ. ಪರೀಕ್ಷೆಗೆ ಬಂದವರು ‘ಇದರ ಮೂಲ ಯಾವುದು?’ ಎಂದರು. ಏನು ಹೇಳಬೇಕಿತ್ತು?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ‘ಅಪ್ಪ’ ಎನ್ನಬೇಕಿತ್ತು. ಅಂಕ ಬೇಕಿದ್ದರೆ ಎರಡು ಹೆಸರು ಇಟ್ಟುಕೊಳ್ಳಿ.

ಒಂದು, ಹ್ಯಾಂಬರ್ಗಿನ ಕಲಾ ಇತಿಹಾಸಕಾರ ಆಬಿ ವಾರ್‌ಬುರ್ಗ್. ಬ್ಯಾಂಕರ್ ಮನೆತನದ ಹಿರಿಮಗ. ಹದಿಮೂರನೇ ವಯಸ್ಸಿನಲ್ಲಿ ಬ್ಯಾಂಕಿನ ಹಕ್ಕನ್ನು ತಮ್ಮ ಮ್ಯಾಕ್ಸ್‌ಗೆ ಬಿಟ್ಟುಕೊಟ್ಟನಂತೆ, ತಾನು ಕೇಳಿದ ಪುಸ್ತಕವೆಲ್ಲ ಕೊಡಿಸಬೇಕೆಂಬ ಷರತ್ತಿನ ಮೇಲೆ. ತಮ್ಮನಿಗೆ ಆ ಒಪ್ಪಂದ ಎಷ್ಟು ದುಬಾರಿಯಾಯಿತೆಂದರೆ, 1933ರಲ್ಲಿ ನಾಜಿಗಳಿಂದ ಕಾಪಾಡಲು ಆ ಗ್ರಂಥಾಲಯವನ್ನು ಲಂಡನ್ನಿಗೆ ಹಡಗೇರಿಸಿದಾಗ ಸುಮಾರು 60,000 ಪುಸ್ತಕಗಳಿದ್ದವು. ಅಲ್ಲಿ ಪುಸ್ತಕಗಳನ್ನು ಇಡುತ್ತಿದ್ದುದು ಅಕಾರಾದಿಯಲ್ಲಲ್ಲ, ‘ಒಳ್ಳೆಯ ನೆರೆಹೊರೆ’ಯ ಲೆಕ್ಕದಲ್ಲಿ. ನೀವು ಹುಡುಕಿಕೊಂಡು ಬಂದ ಪುಸ್ತಕಕ್ಕಿಂತ ನಿಮಗೆ ಬೇಕಾದದ್ದು ಅದರ ಪಕ್ಕದಲ್ಲಿರಬೇಕು. ಕೊನೆಯ ವರ್ಷಗಳಲ್ಲಿ ಕಪ್ಪು ಬಟ್ಟೆ ಹೊದಿಸಿದ ಹಲಗೆಗಳ ಮೇಲೆ ಚಿತ್ರಗಳನ್ನು ಪಿನ್ನು ಮಾಡಿ, ತೆಗೆದು, ಮತ್ತೆ ಹಚ್ಚಿ, ಗ್ರೀಕರ ನೆನಪಿನ ದೇವತೆಯ ಹೆಸರಿನ ‘ನೆಮೊಸಿನಿ ಅಟ್ಲಾಸ್’ ಕಟ್ಟುತ್ತಿದ್ದ. 1929ರಲ್ಲಿ ತೀರಿಕೊಂಡಾಗ 63 ಹಲಗೆಗಳಿಗೆ ಬಂದು ನಿಂತಿತ್ತು. ನೀವು ಗೋಡೆಗೆ ತುಂಡುಗಳನ್ನು ಅಕ್ಕಪಕ್ಕ ಹಚ್ಚಿದ್ದು ಈ ಮನೆತನದ್ದು.

ಇನ್ನೊಂದು, ಸೂಸನ್ ಹಿಲ್ಲರ್. ಮಾನವಶಾಸ್ತ್ರ ಓದಿ, ಅದನ್ನು ಬಿಟ್ಟು ಕಲೆಗೆ ಬಂದವಳು. 1991ರಿಂದ 1996ರವರೆಗೆ, ಪುರಾತತ್ವದವರು ಅಗೆದ ವಸ್ತು ಇಡುವ ರಟ್ಟಿನ ಪೆಟ್ಟಿಗೆಗಳಲ್ಲಿ ತನ್ನ ಹತ್ತಿರ ಉಳಿದುಹೋಗಿದ್ದ ಬೆಲೆಯಿಲ್ಲದ ನೆನಪಿನ ಸಾಮಾನುಗಳನ್ನು ಹೆಸರು ಚೀಟಿ ಹಚ್ಚಿ ಇಟ್ಟಳು. ಲಂಡನ್ನಿನಲ್ಲಿ ಮನೋವಿಶ್ಲೇಷಣೆಯ ಫ್ರಾಯ್ಡ್ ಕೊನೆಯ ದಿನ ಕಳೆದ ಮನೆಯಲ್ಲಿ ಮೊದಲು ತೋರಿಸಿದ ಈ ಕೆಲಸದಲ್ಲಿ, ಗ್ರೀಕರ ಮರೆವಿನ ನದಿಯದೂ ನೆನಪಿನ ನದಿಯದೂ ನೀರು ತುಂಬಿದ ಬಾಟಲಿಗಳಿವೆ. ನೋಡಲು ಎರಡೂ ನೀರು ಒಂದೇ. ಚೀಟಿ ಕಿತ್ತರೆ ಕತೆ ಮುಗಿಯಿತು.

ಪ್ರಶ್ನೆ: ಅಕ್ಕಾ, ನಮ್ಮ ಮನೆಯಲ್ಲಿ ಅಜ್ಜಿಯ ಟ್ರಂಕಿದೆ. ಹಳೇ ಪಂಚಾಂಗಗಳು, ಜಾತಕಗಳು, ಎರಡು ಕಡತ, ಅಜ್ಜಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಬಾಣಂತಿ ಮದ್ದಿನ ವಿವರ, ಅಡಿಕೆ ಲೆಕ್ಕ. ಮನೆಯ ಹಳೇ ಕಣಜದ ಕೋಣೆಯಲ್ಲಿ ಇವನ್ನಿಟ್ಟು ಒಂದು ಇನ್‌ಸ್ಟಲೇಶನ್ ಮಾಡುವ ಆಸೆ. ಹೇಗೆ ಶುರು ಮಾಡಲಿ?
— ಓದುಗಿ, ಶಿರಸಿ

ಉತ್ತರ: ತಂಗೀ, ಮೊದಲು ಏನು ಮಾಡಬಾರದು ಎಂಬುದು. ಕಡತವನ್ನು ಬಟ್ಟೆಯಿಂದ ಒರೆಸಬೇಡಿ. ಬಟ್ಟೆಗೆ ಹುಣಸೆ ಬೀಜದ ಗಂಜಿ, ಇದ್ದಿಲಿನ ಲೇಪ ಕೊಟ್ಟು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ ಅದು. ಒರೆಸಿದರೆ ಅಕ್ಷರ ಹೋಗುತ್ತದೆ. ಒರೆಸಿ ಮತ್ತೆ ಬರೆಯಲಿಕ್ಕೆಂದೇ ಮಾಡಿದ್ದು. ಧೂಳಿದ್ದರೂ ಇರಲಿ, ಮೊದಲು ಪುಟಪುಟವೂ ಫೋಟೊ ತೆಗೆಯಿರಿ. ಹಾಳೆಗಳನ್ನು ಲ್ಯಾಮಿನೇಶನ್ ಮಾಡಿಸಬೇಡಿ, ಸೆಲೋಟೇಪ್ ಹಚ್ಚಬೇಡಿ, ಹಳದಿಗಟ್ಟಿ ಕಾಗದವನ್ನೇ ತಿನ್ನುತ್ತದೆ. ಗುರುತು ಹಾಕುವುದಿದ್ದರೆ ಹಿಂಬದಿ ಪೆನ್ಸಿಲಿನಲ್ಲಿ. ಮ್ಯೂಸಿಯಮ್ಮಿನವರು ಕಾಗದದ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬಿಡುವುದಿಲ್ಲ. ನಿಮ್ಮ ಕಣಜದ ಕೋಣೆಯ ಕತ್ತಲು ಈ ವಿಷಯದಲ್ಲಿ ವರ, ಮಲೆನಾಡಿನ ಮಳೆಗಾಲದ ತೇವ ಶಾಪ. ಮೂಲಗಳನ್ನು ಟ್ರಂಕಿನಲ್ಲೇ ಬಿಟ್ಟು ನಕಲುಗಳನ್ನು ತೂಗುಹಾಕಿ. ನೋಡುವವರಿಗೆ ಮೂಲವೇ ಬೇಕೆಂಬ ಹಟವೇನೂ ಇರುವುದಿಲ್ಲ, ಇರುವುದು ಕಲಾವಿದರಿಗೆ. ಬಾಣಂತಿ ಮದ್ದಿನ ಪ್ರಮಾಣಗಳನ್ನು ಎದ್ದು ಕಾಣುವಂತೆ ಬರೆಯಬೇಡಿ. ಯಾರಾದರೂ ಮೊಬೈಲಿನಲ್ಲಿ ಹೊಡೆದುಕೊಂಡು ಹೋಗಿ ಮನೆಯಲ್ಲಿ ಕುದಿಸಿಬಿಟ್ಟಾರು.

ಜಾತಕಗಳ ವಿಷಯದಲ್ಲಿ ಬದುಕಿರುವವರ ಒಪ್ಪಿಗೆ ಕೇಳಿ. ನಿಮ್ಮ ಚಿಕ್ಕಮ್ಮನ ನಿಜವಾದ ವಯಸ್ಸು ಊರಿಗೆ ತಿಳಿದರೆ ಪ್ರದರ್ಶನ ಅಲ್ಲಿಗೇ ಬಂದ್.

ಇನ್ನು ಜೋಡಣೆ. ‘ವೈದ್ಯ’, ‘ಜ್ಯೋತಿಷ್ಯ’, ‘ಕೃಷಿ’ ಎಂದು ಮೂರು ಬೋರ್ಡು ಹಾಕುವ ಮನಸ್ಸು ನಿಮಗೆ ಬಂದೇ ಬರುತ್ತದೆ. ಅದು ವಿಶ್ವವಿದ್ಯಾಲಯದ ವಿಭಾಗಗಳ ಕ್ರಮ, ಅಜ್ಜಿಯದಲ್ಲ. ಅಜ್ಜಿಯ ನೋಟ್‌ಬುಕ್ಕು ಯಾವ ಕ್ರಮದಲ್ಲಿದೆ ನೋಡಿ. ನನ್ನ ಊಹೆ, ಮದ್ದಿನ ಪಕ್ಕದಲ್ಲೇ ಅಡಿಕೆ ಲೆಕ್ಕ ಇರುತ್ತದೆ, ಅದರ ಕೆಳಗೆ ಯಾರದೋ ಹುಟ್ಟಿದ ಗಳಿಗೆ. ಮಗು ಹುಟ್ಟಿದ ವಾರವೇ ಕೊಯ್ಲಾಯಿತು, ಕೊಯ್ಲಿನ ದುಡ್ಡಿನಲ್ಲೇ ಮದ್ದಿನ ಸಾಮಾನು ಬಂತು, ಆಕೆಗೆ ಅದು ಒಂದೇ ಪುಟ. ಹಾಗಿದ್ದರೆ ಆ ಪುಟವನ್ನು ಕತ್ತರಿಸಿ ಮೂರು ಗೋಡೆಗೆ ಹಂಚುವುದು ಅನ್ಯಾಯ.

ಒಂದು ಸಲಹೆ, ಬೇಕಿದ್ದರೆ ತೆಗೆದುಕೊಳ್ಳಿ. ಹಳೇ ಪಂಚಾಂಗಗಳಿವೆ ಎಂದಿರಿ. ಅಜ್ಜಿಯರು ಇಸವಿ ಹೇಳುತ್ತಿರಲಿಲ್ಲ, ಸಂವತ್ಸರ ಹೇಳುತ್ತಿದ್ದರು. ಅರವತ್ತು ಹೆಸರು, ಮುಗಿದರೆ ಮತ್ತೆ ಮೊದಲಿಂದ. ಅರವತ್ತು ಖಾನೆಗಳ ಒಂದು ಕಪಾಟು ಮಾಡಿಸಿ, ಊರಿನ ಬಡಗಿ ಸಾಕು. ದುರ್ಮುಖಿ ಸಂವತ್ಸರದ ಖಾನೆ ತೆಗೆಯಿರಿ. 1956ರ ಯುಗಾದಿಯಿಂದ ಶುರುವಾದ ದುರ್ಮುಖಿ, ಆ ವರ್ಷ ನವೆಂಬರಿನಲ್ಲಿ ರಾಜ್ಯ ಒಂದಾಗಿ ನಿಮ್ಮ ಜಿಲ್ಲೆ ಮುಂಬಯಿಯಿಂದ ಇತ್ತ ಬಂತು. 2016ರ ಯುಗಾದಿಯಿಂದ ಇನ್ನೊಂದು ದುರ್ಮುಖಿ, ಆ ವರ್ಷ ನವೆಂಬರಿನಲ್ಲಿ ಐನೂರು, ಸಾವಿರದ ನೋಟುಗಳು ರದ್ದಾಗಿ ಅಡಿಕೆ ವ್ಯಾಪಾರದವರೆಲ್ಲ ಬ್ಯಾಂಕಿನ ಮುಂದೆ ನಿಂತರು. 1956ರದಕ್ಕೂ ಹಿಂದಿನ ದುರ್ಮುಖಿ 1896ರದು. ಇಸವಿಯ ಸಾಲಿನಲ್ಲಿ ಇವು ಒಂದರ ಮುಖ ಒಂದು ನೋಡುವುದಿಲ್ಲ. ಅಜ್ಜಿಯ ಕಪಾಟಿನಲ್ಲಿ ಒಂದೇ ಖಾನೆ ಹಂಚಿಕೊಳ್ಳುತ್ತವೆ. 1956ರಲ್ಲಿ ಹುಟ್ಟಿದ ಅತ್ತೆಯ ಜಾತಕದ ನಕಲೂ, 2016ರಲ್ಲಿ ಹುಟ್ಟಿದ ಕೂಸಿನ ಲಸಿಕೆ ಕಾರ್ಡೂ ಅಲ್ಲಿ ಒಟ್ಟಿಗೆ. ಒಂದಕ್ಕೊಂದು ಏನು ಸಂಬಂಧ ಎಂದು ನೀವು ವಿವರಿಸಬೇಡಿ, ಖಾನೆ ಎಳೆದವರು ಕಂಡುಕೊಳ್ಳಲಿ. ಎಷ್ಟೋ ಖಾನೆಗಳು ಖಾಲಿ ಉಳಿಯುತ್ತವೆ. ಅಜ್ಜಿಯ ತವರಿನ ವರ್ಷಗಳಂತೂ ಪೂರಾ ಖಾಲಿ ಇರಬಹುದು, ಹೆಣ್ಣುಮಗಳ ಟ್ರಂಕು ಶುರುವಾಗುವುದೇ ಮದುವೆಯ ದಿನ. ಅವನ್ನು ಏನಾದರೂ ತುಂಬಿಸಿ ಮುಚ್ಚಬೇಡಿ.

ಕೋಣೆ ತೆರೆಯುವ ದಿನ ಮನೆಯ ಹಿರಿಯರೊಬ್ಬರನ್ನು ಅಲ್ಲೇ ಕೂರಿಸಿ. ಝಾವೊ ಕೂತಿದ್ದ ಹಾಗೆ. ‘ಇದು ಇಲ್ಲಲ್ಲ, ಅದರ ಪಕ್ಕ ಇರಬೇಕಿತ್ತು’ ಎಂದು ಅವರು ಬೈದರೆ ಅಲ್ಲೇ ಬದಲಾಯಿಸಿ. ಸಂಜೆಯ ಹೊತ್ತಿಗೆ ನಿಮ್ಮ ಜೋಡಣೆ ಉಳಿದಿರುವುದಿಲ್ಲ, ಒಳ್ಳೆಯದೇ.

ಇಷ್ಟು ಈ ತಿಂಗಳಿಗೆ. ಗದಗಿನಿಂದ ಒಬ್ಬರು ತಮ್ಮ ತಾತನ 1940ರ ದಶಕದ ಮೂಲ ಫೋಟೊಗಳನ್ನೇ ಲಕೋಟೆಯಲ್ಲಿ ಹಾಕಿ ಕಳಿಸಿಬಿಟ್ಟಿದ್ದಾರೆ, ಅದೂ ಸಾದಾ ಅಂಚೆಯಲ್ಲಿ, ಹಿಂಬದಿ ಬಾಲ್‌ಪೆನ್ನಿನಲ್ಲಿ ಹೆಸರು ಒತ್ತಿ ಬರೆದು. ರಿಜಿಸ್ಟರ್ ಮಾಡಿ ವಾಪಸು ಕಳಿಸಿದ್ದೇನೆ. ದಯವಿಟ್ಟು ನಕಲು ಕಳಿಸಿ, ಸಾಕು.